ಹುಣ್ಣಿಮೆಯ ಕಬ್ಬಿಣ

ಇದು ನಡೆದ ಕಥೆ. ಓದುವವರು ಬೇಕಾದರೆ ಮೂಗು ಮುಚ್ಚಿಕೊಂಡು ಓದಬಹುದು. ಯಮನವ್ವನಿಗೆ ಆ ಅನುಕೂಲ ಇರಲಿಲ್ಲ. ಒಂದು ಕೈಯಲ್ಲಿ ಸಲಿಕೆ, ಇನ್ನೊಂದರಲ್ಲಿ ಬುಟ್ಟಿ. ಮೂಗು ಹಿಡಿಯಲು ಮೂರನೆಯ ಕೈಯನ್ನು ದೇವರು ಕೊಟ್ಟಿರಲಿಲ್ಲ, ಪಂಚಾಯ್ತಿಯೂ ಮಂಜೂರು ಮಾಡಿರಲಿಲ್ಲ.

ಗೋಕಾಕ ಮೂಡಲಗಿಗಳ ನಡುವೆ, ಮಮದಾಪುರದಿಂದ ಕೂಗಳತೆಯಲ್ಲದಿದ್ದರೂ ಬೈಕಿನಳತೆಯಲ್ಲಿ, ಬೆಣಚಿಹಾಳ ಅಂತ ಒಂದು ಊರು. ಊರು ಎತ್ತರದಲ್ಲಿದೆ, ಕೇರಿ ತಗ್ಗಿನಲ್ಲಿದೆ. ಊರಿನ ಗಟಾರಗಳೆಲ್ಲ ಇಳಿಜಾರು ಹಿಡಿದು ಕೇರಿಯ ಬಾಯಿಗೆ ಬರುತ್ತವೆ. ಊರು ತೊಳೆದದ್ದು, ಉಗಿದದ್ದು, ಹೇತದ್ದು ಎಲ್ಲ ಅಲ್ಲಿ ಒಂದು ಕುಣಿಯಲ್ಲಿ ಕೂಡಿ, ಒಂದಿಷ್ಟು ಹೊತ್ತು ಕೊಳೆತು, ಆಮೇಲೆ ಹಳ್ಳಕ್ಕೆ ಹೋಗುತ್ತದೆ. ಕುಣಿ ಎದೆಮಟ್ಟ. ಒಂದು ಬದಿಗೆ ಗೋದಾಮಿನ ಗೋಡೆ, ಇನ್ನೊಂದು ಬದಿಗೆ ಹಳ್ಳದ ಕೊರಕಲು. ಕೇರಿಯಿಂದ ಹೊರಗೆ ಬರಬೇಕಾದವರು ಗೋಡೆಗೆ ಅಂಟಿದ ಗೇಣಗಲದ ಅಂಚಿನ ಮೇಲೆ ಕುಣಿಯನ್ನು ದಾಟಿಯೇ ಬರಬೇಕು. ನೀರಿಗೆ ಹೋಗುವವರೂ ಅದನ್ನೇ ದಾಟಬೇಕು, ಶಾಲೆಗೆ ಹೋಗುವವರೂ ಅದನ್ನೇ. ಕೇರಿಯ ಹೆಣವೂ ಕೊನೆಯ ಸಲ ಅದನ್ನು ದಾಟಿಯೇ ಹೋಗುತ್ತದೆ.

ಗಂಡ ಸತ್ತ ಮೇಲೆ ಗಟಾರ ಬಳಿಯುವ ಕೆಲಸ ಯಮನವ್ವನ ಕೊರಳಿಗೆ ಬಿದ್ದಿತ್ತು. ದಿನಾ ಬೆಳಗ್ಗೆ ಊರಿನ ಹೊಲಸನ್ನು ಎತ್ತಿ ದಂಡೆಗೆ ಹಾಕುತ್ತಿದ್ದಳು. ಅನ್ನ ಉಣ್ಣುವಾಗಲೂ ಬೆರಳಿಗೆ ಅದೇ ವಾಸನೆ. ಸಾಬೂನು ತಿಕ್ಕಿ, ಬೂದಿ ತಿಕ್ಕಿ, ಹುಣಸೆಹಣ್ಣು ತಿಕ್ಕಿ ನೋಡಿದ್ದಳು. ವಾಸನೆ ಹೋಗಿರಲಿಲ್ಲ, ಚರ್ಮ ಹೋಗಿತ್ತು.

ಹೋದ ವರ್ಷ ಊರಿಗೆ ಸಿಮೆಂಟ್ ರಸ್ತೆ ಬಂತು. ಅದರ ಸಂಗಡ ಕುಣಿಯ ಮೇಲೆ ಒಂದು ದಪ್ಪ ಕಬ್ಬಿಣದ ಜಾಳಿ ಬಂತು. ಕೇರಿಯ ಹೆಂಗಸರು ಮೊದಲ ಸಲ ಸೀರೆ ಎತ್ತಿ ಹಿಡಿಯದೆ, ತಲೆಯ ಮೇಲಿನ ಕೊಡ ಅಲುಗದೆ, ನೆಟ್ಟಗೆ ನಡೆದು ದಾಟಿದರು. ಅಷ್ಟೇ ಸುಖ. ಅದಕ್ಕಿಂತ ಹೆಚ್ಚಿನದನ್ನು ಕೇರಿ ಕೇಳಿರಲಿಲ್ಲ.

ಶಿವರಾತ್ರಿ ಮುಗಿದ ಮೇಲೆ ಒಂದು ದಿನ ಜಾಳಿ ಇರಲಿಲ್ಲ.

ಶಿವರಾತ್ರಿ ಮುಗಿಯಿತೆಂದರೆ ಬೆಣಚಿಹಾಳದಲ್ಲಿ ಚರ್ಮದ ಹಲಗಿಯ ಸದ್ದು ಏಳುತ್ತದೆ. ಅಲ್ಲಿಂದ ಹೋಳಿ ಹುಣ್ಣಿಮೆ ಮುಗಿಯುವ ತನಕ ಕಾಮಣ್ಣನ ಹೆಸರಿನಲ್ಲಿ ಕಳವಿಗೆ ರಜೆ. ಕಳವು ಎನ್ನುವ ಮಾತಿಗೆ ರಜೆ, ಕಳವಿಗಲ್ಲ. ಕಾಮಣ್ಣನನ್ನು ಸುಡಲೆಂದು ಯಾರ ಹಿತ್ತಲಿನ ಕಟ್ಟಿಗೆಯನ್ನಾದರೂ, ಕುಳ್ಳನ್ನಾದರೂ, ಮುರುಕು ಹೊರಸನ್ನಾದರೂ ಹುಡುಗರು ಎತ್ತಬಹುದು. ಕಳೆದುಕೊಂಡವನು ಬಾಯಿ ತುಂಬ ಬೈಯಬಹುದು. ಬೈದು ಮುಗಿದ ಮೇಲೆ ನಗಬೇಕು. ನಗದವನು ಊರಿಗೆ ಹಗುರ. ಇದಕ್ಕೆ ಚಾಷ್ಟಿ ಎನ್ನುತ್ತಾರೆ. ಆದರೆ ಎತ್ತುವ ಹಕ್ಕು ಊರಿನ ಹುಡುಗರಿಗೆ ಮಾತ್ರ. ಕೇರಿಯವರಿಗೆ ಹಲಗಿ ಬಡಿಯುವ ಹಕ್ಕು. ಹಿಂದೊಮ್ಮೆ ಕೇರಿಯ ಹುಡುಗನೊಬ್ಬ ಯಾರದೋ ಬೇಲಿಯ ಒಣ ಟೊಂಗೆ ಎತ್ತಿಕೊಂಡು ಬಂದಿದ್ದಕ್ಕೆ ಅವನನ್ನು ಕಂಬಕ್ಕೆ ಕಟ್ಟಿ ಬಡಿದರು. ಆವತ್ತು ಯಾರಿಗೂ ಚಾಷ್ಟಿ ಎಂಬ ಮಾತು ನೆನಪಾಗಲಿಲ್ಲ.

ಜಾಳಿ ಹೋಗಿದೆ ಎಂದು ಕೇರಿಗೆ ಗೊತ್ತಾದದ್ದು ಮಾಯಾ ಬಿದ್ದಾಗ. ಮಾಯಾ ಯಮನವ್ವನ ಮಗಳು, ಹತ್ತನೆಯ ಇಯತ್ತೆ. ಮುಸ್ಸಂಜೆ ನೀರಿಗೆ ಹೊರಟಿದ್ದಳು. ಕಾಲಿಗೆ ಅಭ್ಯಾಸವಾಗಿದ್ದ ಜಾಗದಲ್ಲಿ ಕಾಲಿಟ್ಟಳು. ಕೊಡ ದಂಡೆಗೆ ಬಡಿದ ಸದ್ದು, ಆಮೇಲೆ ದಪ್ಪ ಅಂಬಲಿಯಲ್ಲಿ ಕಲ್ಲು ಬಿದ್ದಂಥ ಸದ್ದು.

ಯಮನವ್ವ ಓಡಿ ಬಂದು ಇಳಿದಳು. ಹುಡುಗಿ ಗಲ್ಲದ ತನಕ ಮುಳುಗಿದ್ದಳು. ಬಾಯಿ ಮುಚ್ಚಿಕೊಂಡಿದ್ದಳು, ಕೂಗಿದರೆ ಒಳಗೆ ಹೋಗುತ್ತದೆಂದು. ಕಣ್ಣಿನಿಂದಲೇ ಕೂಗುತ್ತಿದ್ದಳು. ರಸ್ತೆಯ ಮೇಲೆ ಜನ ಕೂಡಿತು. ಎಲ್ಲರ ಒಂದು ಕೈ ಮೂಗಿನ ಮೇಲಿತ್ತು. ಇನ್ನೊಂದು ಕೈ ಖಾಲಿ ಇತ್ತು. ಅದನ್ನು ಯಾರೂ ಚಾಚಲಿಲ್ಲ. ಯಮನವ್ವನ ಮೈದುನ ಸಿದ್ರಾಮ ಬಂದು ಮೇಲಿಂದ ಎಳೆದ, ಅವಳು ಕೆಳಗಿಂದ ನೂಕಿದಳು. ಮೊಳಕಾಲ ಕೆಳಗೆ ಎಲುಬು ಬೇರೆ ದಿಕ್ಕಿಗೆ ನೋಡುತ್ತಿತ್ತು. ಗೋಕಾಕಕ್ಕೆ ಒಯ್ಯಲು ಆಟೋದವನು, ಮೊದಲು ತೊಳಕೊಂಡು ಬರ್ರಿ ಅಂದ. ಮುರಿದ ಕಾಲಿನ ಹುಡುಗಿಯನ್ನು ಅಂಗಳದಲ್ಲಿ ಮಲಗಿಸಿ, ಕೊಡಗಟ್ಟಲೆ ನೀರು ಸುರಿದು, ದನ ತೊಳೆದಂತೆ ತೊಳೆದರು. ಆಮೇಲೆ ಆಟೋ ಹೊರಟಿತು.

ಕಾಲಿಗೆ ಪ್ಲಾಸ್ಟರ್ ಬಿತ್ತು. ಯಮನವ್ವ ಮಗಳನ್ನು ಗೋಕಾಕದಲ್ಲಿ ತಂಗಿಯ ಸುಪರ್ದಿಗೆ ಬಿಟ್ಟು ಬೆಣಚಿಹಾಳಕ್ಕೆ ಬಂದಳು. ಜಾಳಿ ಹೋದ ಜಾಗದಲ್ಲಿ ಜಾಲಿಮುಳ್ಳಿನ ಟೊಂಗೆ ಇಟ್ಟಳು, ಇನ್ನೊಬ್ಬರು ಬೀಳದಿರಲಿ ಎಂದು. ಆಮೇಲೆ ಪಂಚಾಯ್ತಿಗೆ ಹೋದಳು.

ಪಂಚಾಯ್ತಿ ಕಟ್ಟೆಯ ಮೇಲೆ ಗುರುಪಾದ ಕುಳಿತಿದ್ದ. ಅವನು ಸದಸ್ಯ. ಗಟಾರದ ಗುತ್ತಿಗೆಯೂ ಅವನದೇ, ಹೆಂಡತಿಯ ತಮ್ಮನ ಹೆಸರಿನಲ್ಲಿ. ಅಂಗಿ ಬಿಳಿ, ಪ್ಯಾಂಟು ಬಿಳಿ, ಚಪ್ಪಲಿಯೂ ಬಿಳಿ. ಬಾಯಿಯೊಳಗೆ ಮಾತ್ರ ಗುಟಕಾದ ಕೆಂಪು.

"ಸಾವ್ಕಾರ್ರ, ಕುಣಿ ಮ್ಯಾಲಿನ ಜಾಳಿ ಹೋಗೈತ್ರಿ. ನನ್ನ ಮಗಳು ಬಿದ್ದು ಕಾಲು ಮುರಕೊಂಡಾಳ. ಇನ್ನೊಂದು ಹಾಕಸ್ರಿ."

"ಹೋಗೈತಿ ಅಂದ್ರ? ಕಾಲು ಬಂದಿದ್ವೇನ ಅದಕ್ಕ?"

ಕಟ್ಟೆಯ ಮೇಲಿದ್ದವರು ನಕ್ಕರು.

"ಯಾರೋ ಒಯ್ದಾರ್ರಿ."

"ಯಾರೋ ಯಾಕ? ನಿಮ್ಮ ಕೇರಿ ಬಾಯಾಗಿಂದು ನಿಮ್ಮವ್ರ ಒಯ್ದಿರ್ತಾರ. ಭಂಗಾರದ ಗಾಡಿ ದಿನಾ ಬರ್ತೈತಲ್ಲ."

ಭಂಗಾರ ಎಂದರೆ ಆ ಕಡೆ ಹಳೆ ಕಬ್ಬಿಣ, ಮುರುಕು ಸಾಮಾನು. ಅದಕ್ಕೂ ಬಂಗಾರಕ್ಕೂ ನಡುವೆ ಇರುವುದು ಒಂದು ಮಹಾಪ್ರಾಣ. ಮಾಯಾಳ ಪ್ರಾಣ ಅದರೊಳಗೇ ಸಿಕ್ಕಿಕೊಂಡು ಒದ್ದಾಡಿ ಬಂದಿತ್ತು.

"ನಮ್ಮವ್ರು ಯಾಕ ಒಯ್ತಾರ್ರಿ? ಬೀಳಾವ್ರು ನಾವ ಅಲ್ರಿ."

"ಮೊದಲ ಕುಣಿಯೊಳಗ ಬಿದ್ದೈತೇನ ನೋಡು. ಇಳಿ."

"ಒಳಗಿಲ್ರಿ. ಹುಡುಗೀನ್ನ ಎತ್ತುವಾಗ ಇಳಿದೇನಿ."

"ಆವಾಗ ಮಗಳನ್ನ ಹುಡುಕಿದಿ. ಈಗ ಜಾಳಿ ಹುಡುಕು."

ಪಂಚಾಯ್ತಿಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆದಿದ್ದರು: ಗಟಾರದಲ್ಲಿ ಮನುಷ್ಯರನ್ನು ಇಳಿಸುವುದು ಅಪರಾಧ. ಸಿದ್ರಾಮ ಹಿಂದೊಮ್ಮೆ ಅದನ್ನು ಗುರುಪಾದನಿಗೆ ತೋರಿಸಿದ್ದ. "ಮನುಷ್ಯಾರನ್ನ ಅಂತ ಬರದೈತಲ್ಲೋ, ಬಿ.ಎ. ಓದೀದಿ, ಕನ್ನಡ ಓದಾಕ ಬರಂಗಿಲ್ಲೇನ?" ಎಂದು ಗುರುಪಾದ ನಕ್ಕಿದ್ದ.

ಯಮನವ್ವ ಇಳಿದಳು. ಸೀರೆ ಕಚ್ಚೆ ಹಾಕಿ, ಸೆರಗನ್ನು ಬಾಯಿಗೆ ಬಿಗಿದು, ಎದೆ ತನಕ ಇಳಿದಳು. ಕಾಲಿನಿಂದ ತಡವಿದಳು. ಮೆತ್ತಗೆ ಒಂದು ಸಿಕ್ಕಿತು. ಎತ್ತಿ ನೋಡಿದರೆ ಉಬ್ಬಿದ ಹಂದಿಮರಿ. ಅದರ ಹೊಟ್ಟೆ ಕೈಯಲ್ಲೇ ಒಡೆಯಿತು. ಕೋಳಿಯ ಕರುಳು, ಕ್ಷೌರದಂಗಡಿಯ ಕೂದಲ ಗಂಟು, ರಕ್ತದ ಬಟ್ಟೆ, ಕೂಸುಗಳ ಚಡ್ಡಿ. ಬ್ಲೇಡೊಂದು ಅಂಗೈ ಸೀಳಿತು. ಕೈ ಹೊರಗೆ ತೆಗೆದಾಗ ರಕ್ತ ಯಾವುದು, ರಾಡಿ ಯಾವುದು ತಿಳಿಯಲಿಲ್ಲ. ದಂಡೆಯ ಮೇಲೆ ಊರು ನಿಂತು ನೋಡುತ್ತಿತ್ತು. ಯಾರೋ ಮೊಬೈಲಿನಲ್ಲಿ ಹಿಡಿಯುತ್ತಿದ್ದರು. ಗುರುಪಾದ ಬಗ್ಗಿ ನೋಡಿ, "ಆ ಮೂಲ್ಯಾಗ ನೋಡು" ಅಂದ. ಅಂದು ಉಗುಳಿದ. ಕೆಂಪಗಿನ ಗುಟಕಾ ಅವಳ ಭುಜದ ಪಕ್ಕ ಬಿದ್ದು, ಕೆನೆಯಂತೆ ಹರಡಿತು. ಅವಳು ಅದನ್ನು ನೋಡಿದಳು. ಮೈಗೆ ಮೆತ್ತಿದ್ದ ಎಲ್ಲ ಹೊಲಸಿಗಿಂತ ಅದೊಂದಕ್ಕೆ ಅವಳು ಹೇಸಿದಳು. ಮಿಕ್ಕದ್ದು ಊರು ಬಿಟ್ಟಿದ್ದು. ಇದು ಒಬ್ಬನು ಅವಳನ್ನು ನೋಡಿ, ಗುರಿ ಇಟ್ಟು ಬಿಟ್ಟಿದ್ದು.

ಜಾಳಿ ಸಿಗಲಿಲ್ಲ.

"ಸಿಗಲಿಲ್ಲ ಅಂದ್ರ ಮಾರಿದ್ದು ಖರೆ ಆತು," ಅಂದ ಗುರುಪಾದ. "ಕೇರಿಯವ್ರು ಕೂಡಿ ಹೊಸಾದು ತಂದು ಹಾಕ್ರಿ. ಅಲ್ಲೀತನಕ ಕುಣಿ ಹಿಂಗ ಇರ್ತೈತಿ."

ಅವಳು ಬಾವಿಯ ಹತ್ತಿರ ಹೋದರೆ, ಅಲ್ಲಿದ್ದವರು ದೂರ ಸರಿಯಲು ಹೇಳಿದರು. ಹಳ್ಳದ ನೀರಿನಲ್ಲಿ ಮಿಂದಳು. ಊರಿನ ಗಟಾರ ಬಂದು ಸೇರುವ ಹಳ್ಳ ಅದು.

ಸಿದ್ರಾಮ ಗೋಕಾಕದ ಕಾಲೇಜಿನಲ್ಲಿ ಓದಿದವನು. ಪದವಿ ಸಿಕ್ಕಿತ್ತು, ನೌಕರಿ ಸಿಕ್ಕಿರಲಿಲ್ಲ. ಕಬ್ಬಿನ ಹಂಗಾಮಿನಲ್ಲಿ ಕಬ್ಬು ಕಡಿಯುತ್ತಿದ್ದ, ಉಳಿದ ದಿನ ಜನರ ದನಿ ಕದಿಯುತ್ತಿದ್ದ. ಯಾರ ದನಿಯಾದರೂ ಸರಿ, ಒಂದು ಸಲ ಕೇಳಿದರೆ ಸಾಕು. ಬಸ್ ಕಂಡಕ್ಟರ, ಹವಾಲ್ದಾರ, ದವಾಖಾನೆಯ ಸಿಸ್ಟರು, ಭಂಗಾರದ ಗಾಡಿಯ ಮೇಲಿನ ಧ್ವನಿವರ್ಧಕ ಎಲ್ಲ ಅವನ ಗಂಟಲಿನಲ್ಲಿ ಬಾಡಿಗೆಗಿದ್ದರು. "ಹಳೇ ಕಬ್ಬಣಾ, ಹಳೇ ತಾಂಬ್ರಾ, ಮುರುಕ ಖುರ್ಚಿ, ಕೂದಲಾ" ಎಂದು ಅವನು ಒಳಗಿನಿಂದ ಕೂಗಿದರೆ ಕೇರಿಯ ಹೆಂಗಸರು ಗಂಟು ಹಿಡಿದು ಹೊರಗೆ ಬರುತ್ತಿದ್ದರು.

ಆ ಗಾಡಿಯ ಬಾಗಿಲ ಮೇಲೆ ಸಂಕೇಶ್ವರದ ಅಂಗಡಿಯ ಫೋನ್ ನಂಬರ್ ಬರೆದಿತ್ತು. ಅಷ್ಟು ದಪ್ಪ ಜಾಳಿಯನ್ನು ಒಯ್ಯಲು ಟೆಂಪೋ ಬೇಕು, ಊರಿನಲ್ಲಿ ಟೆಂಪೋ ಇದ್ದದ್ದು ಗುರುಪಾದನ ಹತ್ತಿರ.

ಮರುದಿನ ಮಧ್ಯಾಹ್ನ ಸಿದ್ರಾಮ ಯಮನವ್ವನ ಗುಡಿಸಲಿನ ಮುಂದೆ ಕುಳಿತು ಬಾಯಿಯ ಒಂದು ಬದಿಗೆ ರೊಟ್ಟಿ ತುಣುಕು ಒತ್ತಿಕೊಂಡ. ಗುಟಕಾ ಬಾಯಿ ತಯಾರಾಯಿತು. ಕೇರಿಯವರು ಸುತ್ತ ಕೂತರು.

"ಯಾರೂ ಕೆಮ್ಮಬ್ಯಾಡ್ರಿ. ವೈನಿ, ನೀ ಮಾತ್ರ ನಗಬ್ಯಾಡ."

"ನನಗೆಲ್ಲಿ ನಗು ಬರ್ತೈತೋ ಸಿದ್ರಾಮಾ," ಅಂದಳು ಯಮನವ್ವ. ಅವಳ ಅಂಗೈ ಊದಿಕೊಂಡಿತ್ತು.

ಅವನು ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಮಾಡಿ, ರೆಕಾರ್ಡಿಂಗ್ ಒತ್ತಿದ.

"ಹಲೋ. ನಾ ಬೆಣಚಿಹಾಳದ ಗುರುಪಾದ ಮಾತಾಡಾಕತ್ತೇನಿ."

ಗುಂಪಿನಲ್ಲಿ ಒಬ್ಬ ಮುದುಕ ಅಭ್ಯಾಸ ಬಲದಿಂದ ಎದ್ದು ನಿಂತ.

"ಹಾಂ ಸಾವ್ಕಾರ್ರ, ನಮಸ್ಕಾರ್ರಿ," ಅಂದಿತು ಅಂಗಡಿಯ ದನಿ. "ನಂಬರ್ ಬ್ಯಾರೆ ಐತಲ್ರಿ."

"ಆ ಫೋನು ಚಾರ್ಜಿಗಿ ಹಚ್ಚೇನಿ. ಮಾಲು ಮುಟ್ಟಿತಿಲ್ಲೋ?"

"ಯಾವ್ದ್ರಿ, ಗಟಾರದ ಜಾಳಿನ್ರಿ? ಅವತ್ತ ಮುಟ್ಟಿತ್ರಿ. ನಿಮ್ಮ ಟೆಂಪೋದ ಸುನೀಲ ತಂದು ಹಾಕಿ ಹೋದ್ನಲ್ರಿ. ಅದರ ಮ್ಯಾಲೆ ಪಂಚಾಯ್ತಿ ಹೆಸರಿತ್ತು ನೋಡ್ರಿ, ಹಂಗಾಗಿ ಅಂಗಡ್ಯಾಗ ಇಟಗೊಳ್ಳಿಲ್ಲ. ಕೊಲ್ಲಾಪುರದ ಭಟ್ಟಿಗಿ ಕಳಿಸಿದೆ. ಈಗ ಕರಗಿ ನೀರಾಗಿರ್ತೈತ್ರಿ."

"ಚಲೋ ಆತು."

"ಬಾಂದಾರದ ಫಳಿ ಕಳಸ್ತೇನಿ ಅಂದಿದ್ರಿ?"

ಬಾಂದಾರದ ಫಳಿ ಎಂದರೆ ಹಳ್ಳದ ನೀರು ತಡೆಯಲು ಕಂಬಗಳ ನಡುವೆ ಇಳಿಬಿಡುವ ಕಬ್ಬಿಣದ ಹಾಳೆಗಳು. ಸಿದ್ರಾಮನ ಬಾಯಿಯ ರೊಟ್ಟಿ ಒಂದು ಕ್ಷಣ ಗಂಟಲಿಗೆ ಸಿಕ್ಕಿತು.

"ಹುಣ್ಣಿವಿ ಆಗ್ಲಿ, ಕಳಸ್ತೇನಿ."

"ಹುಣ್ಣಿವಿ ಒಳಗ ಕಳಸ್ರಿ ಸಾವ್ಕಾರ್ರ. ಆಮ್ಯಾಲೆ ಜನ ಕೇಳ್ತಾರ."

ಫೋನು ಇಟ್ಟ ಮೇಲೆ ಕೇರಿ ಬಿದ್ದು ಬಿದ್ದು ನಕ್ಕಿತು. ಎದ್ದು ನಿಂತಿದ್ದ ಮುದುಕನನ್ನು ತೋರಿಸಿ ಇನ್ನೊಮ್ಮೆ ನಕ್ಕಿತು. ಯಮನವ್ವ ನಗಲಿಲ್ಲ. ಕರಗಿ ನೀರಾಯಿತು ಎಂಬ ಮಾತು ಅವಳ ಕಿವಿಯಲ್ಲಿತ್ತು. ಅವಳು ಹಂದಿಯ ಹೆಣ ಹಿಡಿದು ತಡವುತ್ತಿದ್ದಾಗ ಜಾಳಿ ಕೊಲ್ಲಾಪುರದಲ್ಲಿ ಕರಗಿತ್ತು. ದಂಡೆಯ ಮೇಲೆ ನಿಂತವನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಆ ಮೂಲೆ ನೋಡು ಅಂದಿದ್ದ.

"ಪೋಲೀಸರಿಗಿ ಕೊಡೂಣು ವೈನಿ," ಅಂದ ಸಿದ್ರಾಮ.

"ಮೊದಲ ಊರಿಗಿ ಕೇಳಸೂಣು. ಕಳ್ಳರು ಅಂತ ಅಂದಿದ್ದು ಊರ ಮುಂದ. ಊರ ಮುಂದ ತಿರಗಬೇಕು ಅದು."

ಹುಣ್ಣಿಮೆಯ ಹಿಂದಿನ ಸಂಜೆ ಕಾಮಣ್ಣನ ಕಟ್ಟೆಯ ಮುಂದೆ ಊರು ಕೂಡಿತ್ತು. ಹಲಗಿ ಬಡಿಯಲು ಕೇರಿಯವರನ್ನು ಕರೆಸಿದ್ದರು. ಕೇರಿಯವರು ಬಂದರು, ಹಲಗಿ ತರಲಿಲ್ಲ. ಸಿದ್ರಾಮ ಮೊಬೈಲನ್ನು ಕಟ್ಟೆಯ ಧ್ವನಿವರ್ಧಕದ ಮೈಕಿಗೆ ಹಿಡಿದ. ಅಂಗಡಿಯ ದನಿ ಊರ ಮೇಲೆಲ್ಲ ಹರಡಿತು. ಟೆಂಪೋ, ಸುನೀಲ, ಜಾಳಿ, ಭಟ್ಟಿ ಎಲ್ಲ ಕೇಳಿಸಿತು. ಸುನೀಲ ಅಲ್ಲೇ ಇದ್ದವನು ಮೆಲ್ಲಗೆ ಗುಡಿಯ ಹಿಂದೆ ಸರಿದ.

ಗುರುಪಾದ ಎರಡೂ ಕಡೆ ನೋಡಿದ. ಮಂದಿಯ ಮುಖದಲ್ಲಿ ಸಿಟ್ಟಿಗಿಂತ ಸಂಕಟ ಹೆಚ್ಚಿತ್ತು, ಯಾರ ಕಡೆ ನೋಡಬೇಕೋ ತಿಳಿಯದ ಸಂಕಟ. ಅದು ಅವನಿಗೆ ಕಂಡಿತು. ತೊಡೆ ತಟ್ಟಿ ನಕ್ಕ.

"ಏ, ಹುಣ್ಣಿವಿ ಐತೆಪಾ. ಹುಣ್ಣಿವ್ಯಾಗ ಇದೂ ಇರ್ತೈತಿ. ಚಾಷ್ಟಿ ಮಾಡಿದ್ವಿ."

ಊರು ಉಸಿರು ಬಿಟ್ಟಿತು. ಒಬ್ಬ ನಕ್ಕ, ಇನ್ನೊಬ್ಬ ನಕ್ಕ. ನೋಡುವುದರೊಳಗೆ ಕಟ್ಟೆ ತುಂಬ ನಗು. ಹಿರಿಯನಾದ ಮುರಿಗೆಪ್ಪ ಗಂಟಲು ಸರಿ ಮಾಡಿಕೊಂಡ. "ಹಿರ್ಯಾರು ಮಾಡಿಟ್ಟ ಪದ್ಧತಿ ಐತಿ. ಹುಣ್ಣಿವಿ ಒಳಗಿನ ಕಳವು ಕಳವಲ್ಲ."

"ಕಾಮಣ್ಣ ಕಟ್ಟಿಗಿ ಸುಡ್ತಾನ್ರಿ, ಕಬ್ಬಣಾ ಅಲ್ಲ," ಅಂದ ಸಿದ್ರಾಮ.

"ಕಾಲ ಬದಲಾಗೈತಿ, ಕಾಮಣ್ಣನೂ ಬದಲಾಗ್ಯಾನ," ಅಂದ ಗುರುಪಾದ. ಮತ್ತೆ ನಗು. "ಯಮನವ್ವಾ, ನೀ ಯಾಕ ಮಾರಿ ಗಂಟು ಹಾಕ್ಕೊಂಡು ನಿಂತಿ? ನಗು. ಹುಣ್ಣಿವ್ಯಾಗ ಸಿಟ್ಟಿಗೇಳಬಾರದು."

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ನಕ್ಕರೆ ಮುಗಿಯಿತು. ಹುಡುಗಿಯ ಕಾಲು, ಕುಣಿ, ಕಳ್ಳರು ಎಂಬ ಮಾತು ಎಲ್ಲವೂ ಆ ಒಂದು ನಗುವಿನಲ್ಲಿ ಕರಗಿ ನೀರಾಗುತ್ತಿತ್ತು. ಜನ್ಮದಲ್ಲಿ ಊರ ಮುಂದೆ ಇಲ್ಲ ಎಂದು ಅಂದವಳಲ್ಲ.

"ನಾ ನಗಂಗಿಲ್ಲ," ಅಂದಳು.

"ಏನಂದಿ?"

"ನಗಂಗಿಲ್ಲ ಅಂದೆ. ನಿಮ್ಮ ಚಾಷ್ಟಿ ನನ್ನ ಮಗಳ ಎಲುಬಿನಾಗ ಹೊಕ್ಕೈತಿ. ಹೇಲಿನಾಗ ನಿಲ್ಲಿಸಿ ಇಲ್ಲದ ಜಾಳಿ ಹುಡುಕಿಸಿದ್ರಿ. ಹುಡುಕಾಕಿ ಮ್ಯಾಲೆ ಉಗುಳಿದ್ರಿ. ನಾಳಿಯಿಂದ ನಾ ಗಟಾರಕ್ಕ ಇಳಿಯಂಗಿಲ್ಲ. ನಿಮ್ಮ ಹೊಲಸು ನೀವ ಬಳಕೋರಿ."

"ಸೊಕ್ಕು ನೋಡು ಇವಳದು," ಅಂದ ಯಾರೋ ಹಿಂದಿನಿಂದ.

"ಇನ್ನೊಂದ ಕೇಳ್ತೇನಿ," ಅಂದಳು ಯಮನವ್ವ. "ಹುಣ್ಣಿವ್ಯಾಗ ಯಾರ ಏನ ಒಯ್ದರೂ ಕಳವಲ್ಲ ಅಂದ್ರಿ. ಕಬ್ಬಣಾ ಒಯ್ದರೂ ಅಲ್ಲ?"

"ಅಲ್ಲ ಅಂದ್ನೆಲ್ಲ," ಅಂದ ಗುರುಪಾದ.

"ಕೇರಿಯವ್ರು ಒಯ್ದರೂ?"

ಮುರಿಗೆಪ್ಪ ತಲೆ ಬಗ್ಗಿಸಿದ. ಸಿದ್ರಾಮನ ಮೊಬೈಲು ಗುರುಪಾದನ ಮುಖಕ್ಕೆ ನೇರವಾಗಿತ್ತು. ಊರಿನ ಹುಡುಗರ ಮೊಬೈಲುಗಳೂ ಎದ್ದಿದ್ದವು. ಪಂಚಾಯ್ತಿ ಚುನಾವಣೆ ದೂರವಿರಲಿಲ್ಲ, ಕೇರಿಯಲ್ಲಿ ಮತಗಳಿದ್ದವು.

"ಯಾರ ಒಯ್ದರೂ ಅಲ್ಲ," ಅಂದ ಗುರುಪಾದ, ಹಲ್ಲು ತೋರಿಸಿ. "ಹುಣ್ಣಿವಿ ಮುಂದ ಎಲ್ಲಾರೂ ಒಂದ."

ಕೇರಿಯವರು ತಗ್ಗಿನ ಕೇರಿಗೆ ಇಳಿದು ಹೋದರು.

ಆ ವರ್ಷ ಬೆಣಚಿಹಾಳದ ಕಾಮಣ್ಣ ಹಲಗಿಯಿಲ್ಲದೆ ಸುಟ್ಟ. ಎರಡು ದಿನ ಗಟಾರ ಬಳಿಯದೆ ಊರೊಳಗಿನ ನೀರು ರಸ್ತೆಗೆ ಏರಿತ್ತು. ಬಣ್ಣದ ದಿನ ಬೆಳಗ್ಗೆ ಹುಡುಗರು ಕೆಂಪು ಹಸಿರು ಹಚ್ಚಿಕೊಂಡು, ಕಪ್ಪು ರಾಡಿಯಲ್ಲಿ ಕಾಲು ಎತ್ತಿ ಎತ್ತಿ ಕುಣಿಯುತ್ತಿದ್ದರು. ಗುರುಪಾದ ಬೆಳಕು ಹರಿದಾಗಿಂದ ಕಟ್ಟೆಯ ಹತ್ತಿರವೇ ಇದ್ದ, ಎಲ್ಲರ ಗಲ್ಲಕ್ಕೂ ಬಣ್ಣ ಹಚ್ಚುತ್ತ, ಎಲ್ಲರ ಫೋಟೋದಲ್ಲೂ ನಿಲ್ಲುತ್ತ.

ಅದೇ ಹೊತ್ತಿಗೆ ಕೇರಿಯವರು ಅವನ ಮನೆಯ ಮುಂದೆ ಬಂದರು. ಹಾಡಹಗಲು, ರಸ್ತೆಯ ಮೇಲೆ, ಹಲಗಿ ಬಡಿಯುತ್ತ ಬಂದರು. ಮನೆಯಲ್ಲಿ ಅವನ ತಾಯಿ ಚನ್ನವ್ವ ಒಬ್ಬಳೇ ಪಡಸಾಲೆಯಲ್ಲಿ ಕೂತು ಕಾಲು ತಿಕ್ಕಿಕೊಳ್ಳುತ್ತಿದ್ದಳು.

"ಯಾರವ್ವ ಅದು?"

"ನಾ ಯಮನವ್ವರಿ ಯವ್ವಾ, ಕೇರ್ಯಾಕಿ. ಕಾಮಣ್ಣನ ಹೆಸರಲೆ ಕೇಳಾಕ ಬಂದೇವಿ."

"ಕಾಮಣ್ಣನ್ನ ಸುಟ್ಟ್ರಲ್ಲ ನಿನ್ನೆ."

"ಸುಟ್ಟವ್ರು ಊರವ್ರು. ಹೂಳೂದು ನಮ್ದು ಉಳದೈತ್ರಿ."

ಮುದುಕಿಗೆ ಅದು ಹಿಡಿಸಿತು. ಬೊಚ್ಚು ಬಾಯಿ ತೆರೆದು ನಕ್ಕಳು. "ಏನ ಒಯ್ತೀರಿ? ಕಟ್ಟಿಗಿ ಇಲ್ಲ ಮನ್ಯಾಗ. ಗ್ಯಾಸ್ ಐತಿ."

"ಗೇಟಿನ ಒಂದ ಬಾಗಲಾ ಒಯ್ತೇವ್ರಿ."

ಚನ್ನವ್ವ ನಗುವುದನ್ನು ನಿಲ್ಲಿಸಿ ಅವಳ ಕಡೆ ದಿಟ್ಟಿಸಿದಳು. ಊದಿದ ಅಂಗೈ ನೋಡಿದಳು. ಜಾಳಿಯ ಸುದ್ದಿ ಅವಳ ಕಿವಿಗೂ ಬಿದ್ದಿತ್ತು, ಧ್ವನಿವರ್ಧಕ ಯಾರ ಮನೆಯನ್ನೂ ಬಿಟ್ಟಿರಲಿಲ್ಲ.

"ಒಂದ ವರ್ಸ ಗುರುಪಾದನ ಗೆಳ್ಯಾರು ನನ್ನ ಹೊರಸು ಒಯ್ದ್ರು," ಅಂದಳು. "ನಾ ಅದರ ಮ್ಯಾಲೆ ಮಲಗಿದ್ದೆ, ಜ್ವರಾ ಬಂದು. ಎಬ್ಬಿಸಿ ನೆಲದ ಮ್ಯಾಲೆ ಕುಂಡ್ರಿಸಿ ಒಯ್ದ್ರು. ಇಂವ ಬಾಗಲದಾಗ ನಿಂತು ನಗತಿದ್ದ. ನಾನೂ ನಕ್ಕೆ. ಏನ ಮಾಡ್ಲಿ?" ಮತ್ತೆ ಕಾಲು ತಿಕ್ಕಿಕೊಳ್ಳತೊಡಗಿದಳು. "ಮ್ಯಾಲಕ್ಕ ಎತ್ತಿದ್ರ ಕೊಂಡಿ ಬಿಟ್ಟು ಬರ್ತೈತಿ. ಸಾವಕಾಶ ಎತ್ರಿ, ಕಾಲ ಮ್ಯಾಲೆ ಹಾಕ್ಕೋಬ್ಯಾಡ್ರಿ."

ಭಾರವಾದ ಬಾಗಿಲು. ಕೆಳಗಿನರ್ಧ ದಪ್ಪ ತಗಡು, ಮೇಲಿನರ್ಧ ಒತ್ತೊತ್ತಾದ ಸರಳು. ಎತ್ತಿದರು. ಅದನ್ನೇ ಚಟ್ಟ ಮಾಡಿದರು. ಮೇಲೆ ಕಬ್ಬಿನ ಒಣ ಎಲೆಯ ರವದಿ ಹಾಸಿ, ರವದಿಯದೇ ಒಂದು ಹೆಣ ಕಟ್ಟಿ, ಹಳೆ ಸೀರೆ ಹೊದಿಸಿ, ಚೆಂಡುಹೂ ಹಾಕಿದರು. ಕಬ್ಬಿಣ ಒಂದಿಷ್ಟೂ ಕಾಣಲಿಲ್ಲ. ಹೋಳಿಯಲ್ಲಿ ಅಣಕದ ಹೆಣ ಒಯ್ಯುವುದು ಆ ಸೀಮೆಯಲ್ಲಿ ಹೊಸತಲ್ಲ. ಯಮನವ್ವ ಮುಂದಾಗಿ ಹೋದಳು, ಕುಣಿಯ ಸುತ್ತ ಸಿಮೆಂಟು ಕಲಸಿ ಬಳಿಯಲು.

ಹೆಣ ಕಟ್ಟೆಯ ಮುಂದೆ ಬಂದಾಗ ಊರು ಕೇಕೆ ಹಾಕಿತು. ಕೇರಿ ಸಿಟ್ಟು ಬಿಟ್ಟು ಹಲಗಿ ತಂದಿತಲ್ಲ ಎಂದು ಎಲ್ಲರಿಗೂ ಹಗುರಾಯಿತು. ಸಿದ್ರಾಮ ಹೆಣದ ಮುಂದೆ ಎದೆ ಬಡಿದುಕೊಂಡು ಅಳುತ್ತಿದ್ದ. ಮೊದಲು ಹವಾಲ್ದಾರನ ದನಿಯಲ್ಲಿ ಅತ್ತ: "ಸತ್ತವ್ನ ಆಧಾರ್ ಕಾರ್ಡ್ ಎಲ್ಲೈತಿ, ಅದಿಲ್ಲಾಂದ್ರ ಸತ್ತಿದ್ದು ನಡ್ಯಂಗಿಲ್ಲ." ಮುರಿಗೆಪ್ಪನ ದನಿಯಲ್ಲಿ ಅತ್ತ: "ಹಿರ್ಯಾರು ಮಾಡಿಟ್ಟ ಪದ್ಧತಿ ಐತಿ, ಸತ್ತವ್ರು ಎದ್ದು ನಗಬೇಕು." ಜನ ಹೊಟ್ಟೆ ಹಿಡಿದುಕೊಂಡರು. ಮುರಿಗೆಪ್ಪ ಕೂಡ ನಕ್ಕ, ಸ್ವಲ್ಪ ತಡವಾಗಿ.

"ನಂದು ಮಾಡಲೇ," ಅಂದ ಗುರುಪಾದ. "ನನ್ನ ಬಿಟ್ಟೀದಿ."

ಸಿದ್ರಾಮ ಬಾಯಿಯ ಬದಿಗೆ ನಾಲಿಗೆ ಒತ್ತಿ, ಹೆಣದ ಮೇಲೆ ಬಿದ್ದ. "ಯಪ್ಪಾ ಕಬ್ಬಣಾ, ನನ್ನ ಬಿಟ್ಟು ಹೊಂಟಿಯೇನೋ. ರಸ್ತಾದಾಗ ನಿನ್ನ ಉಂಡೆ, ಗಟಾರದಾಗ ನಿನ್ನ ಉಂಡೆ, ಇನ್ನ ಬಾಂದಾರದಾಗ ಉಣ್ಣೂದು ಬಾಕಿ ಇತ್ತಲ್ಲೋ. ಇನ್ನ ನನಗ ಯಾರು ಗತಿ?"

ಗುರುಪಾದನ ಕಣ್ಣಲ್ಲಿ ನೀರು ಬರುವಷ್ಟು ನಗು. ಬೇಸರ ಮಾಡಿಕೊಂಡರೆ ಹಗುರ ಎಂದು ಅವನಿಗೆ ಗೊತ್ತಿತ್ತು. ಮೇಲಾಗಿ ಸುತ್ತ ಮೊಬೈಲುಗಳಿದ್ದವು.

"ಹೆಗಲು ಕೊಡ್ರಿ ಸಾವ್ಕಾರ್ರ," ಅಂದ ಸಿದ್ರಾಮ ತನ್ನ ದನಿಯಲ್ಲಿ. "ಹುಣ್ಣಿವಿ ಮುಂದ ಎಲ್ಲಾರೂ ಒಂದ ಅಂದೀರಿ."

ಗುರುಪಾದ ಕರವಸ್ತ್ರ ಮಡಚಿ ಹೆಗಲಿಗೆ ಹಾಕಿಕೊಂಡ, ಮುಂದಿನ ತುದಿಗೆ ಹೆಗಲು ಕೊಟ್ಟ. "ಏ, ಭಾಳ ಒಜ್ಜಿ ಐತಿ. ಎಂಥಾ ಹೆಣಾ ಕಟ್ಟೀರಿ?" ಅಂದ. ಬಿಳಿ ಚಪ್ಪಲಿ ರಾಡಿಯಲ್ಲಿ ಹೂತು ಹೂತು ಏಳುತ್ತಿತ್ತು. ಊರು ಹಿಂದೆ ಹಿಂದೆ ಬಂತು.

ಕುಣಿಯ ಹತ್ತಿರ ಯಮನವ್ವ ಮುಳ್ಳು ಸರಿಸಿ, ನಾಲ್ಕೂ ಅಂಚಿಗೆ ಹಸಿ ಸಿಮೆಂಟು ಬಳಿದು ನಿಂತಿದ್ದಳು. ವಾಸನೆಗೆ ಎಲ್ಲರೂ ಮೂಗು ಮುಚ್ಚಿಕೊಂಡರು. ಗುರುಪಾದನ ಎರಡೂ ಕೈ ಚಟ್ಟ ಹಿಡಿದಿದ್ದವು.

"ಇಲ್ಲಿ ಇಳಸ್ರಿ," ಅಂದಳು.

ಇಳಿಸಿದರು. ಧಡ್ ಎಂದು ಕೂತಿತು. ಅಂಚಿನಿಂದ ಸಿಮೆಂಟು ಉಬ್ಬಿ ಬಂತು. ಯಮನವ್ವ ಬಗ್ಗಿ, ಗಾಯದ ಕೈಯಿಂದಲೇ ಅದನ್ನು ಒತ್ತಿ ಸಮ ಮಾಡಿದಳು. ಇಬ್ಬರು ಹುಡುಗರು ರವದಿಯ ಹೆಣ ಎತ್ತಿ ಹಳ್ಳಕ್ಕೆ ಎಸೆದರು. ಸಿದ್ರಾಮ ಸೀರೆ ಎಳೆದ. ತಗಡಿನ ಮೇಲೆ ಹಿತ್ತಾಳೆ ಬಣ್ಣದ ದಪ್ಪ ಅಕ್ಷರಗಳಲ್ಲಿ ಗುರುಪಾದನ ಮನೆಯ ಹೆಸರಿತ್ತು.

ಮುಂದೆ ನಿಂತವರ ನಗು ಮೊದಲು ನಿಂತಿತು. ಮುರಿಗೆಪ್ಪ ಓದಿದ, ಸುನೀಲ ಓದಿದ, ಪಕ್ಕದವನಿಗೆ ಮೊಳಕೈಯಿಂದ ತಿವಿದ. ನಗು ಮುಂದಿನಿಂದ ಹಿಂದಕ್ಕೆ, ಸಾಲು ಸಾಲಾಗಿ ಆರುತ್ತ ಹೋಯಿತು. ಯಮನವ್ವ ಎದ್ದು, ಬಾಗಿಲಿನ ನಟ್ಟನಡುವೆ ಕಾಲಿಟ್ಟು, ಸೀರೆ ಎತ್ತಿ ಹಿಡಿಯದೆ ದಾಟಿದಳು. ಅದು ಅಲುಗಲಿಲ್ಲ.

ಗುರುಪಾದ ಕುಣಿಗೆ ಬೆನ್ನು ಮಾಡಿ, ಒಬ್ಬ ಹುಡುಗನ ಮೊಬೈಲಿಗೆ ಮುಖ ಕೊಟ್ಟು, ಒಂದು ಕೈ ಸಿದ್ರಾಮನ ಹೆಗಲ ಮೇಲೆ ಹಾಕಿ ನಿಂತಿದ್ದ.

"ಚಾಷ್ಟಿ ಅಂದ್ರ ಹಿಂಗಿರಬೇಕು ನೋಡ್ರಿ," ಅನ್ನುತ್ತ, ಸದ್ದಡಗಿದ ಊರಿನ ನಡುವೆ ಅವನೊಬ್ಬನೇ, ಕೆಂಪು ಬಾಯಿ ಅಗಲಿಸಿ, ಜೋರಾಗಿ ನಗುತ್ತಿದ್ದ.